ಗಾಜನ್ನು ತೇಲಿಸಿದ ಮಹನೀಯ: ಸರ್ ಆಲಸ್ಟೇರ್ ಪಿಲ್ಕಿಂಗ್ಟನ್

ಹೊಟ್ಟೆಪಾಡಿಗಾಗಿ ಆಂಧ್ರದೇಶಕ್ಕೆ ಬಂದು ನೆಲೆಸಿದ ಕನ್ನಡಿಗನಿಗೆ ಇಲ್ಲಿಯ ಜನರು ಮೊದಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಅವನ ಇಂಟಿಪೇರು ಯಾವುದೆಂಬುದು. ತೆಲುಗರಿಗೆ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಮೈಸೂರು ಸೀಮೆಯಿಂದ ವಿಶಾಖಪಟ್ಟಣಕ್ಕೆ ಉದ್ಯೋಗಕ್ಕಾಗಿ ಬಂದವನು ತನ್ನ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ತೋರಿಸಿ ಸುಮ್ಮನಾಗಬೇಕಾಗುತ್ತದೆ. ಉಡುಪಿಯ ಕಡೆಯಿಂದ ವಿಜಯವಾಡಕ್ಕೆ ಬಂದು ಹೋಟೆಲು ತೆರೆದ ರಾಯರು ತಮ್ಮ ರಾವ್ ಎಂಬುದು ಮನೆತನದ ಹೆಸರಲ್ಲವೆಂದು ವಿವರಿಸುವುದರಲ್ಲಿ ಅರ್ಧ ಗಳಿಗೆ ಕಳೆಯುತ್ತಾರೆ. ಹೆಸರು ಒಂದೇ ಆದರೆ ನೆಂಟಸ್ತಿಕೆ ಇರಲೇಬೇಕೆಂಬ ನಂಬಿಕೆ ಮನುಷ್ಯನಲ್ಲಿ ಅಷ್ಟು ಬಲವಾದುದು.

ಮನೆತನದ ಹೆಸರುಗಳು ದೂರದೂರ ಸಂಚರಿಸುತ್ತವೆ. ನಮ್ಮ ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿ ಕನ್ನಡನಾಡಿನ ಕೀರ್ತಿಪುರುಷರಾದರೂ ಅವರ ಹೆಸರಿನ ಮುಂದಿನ ಮೋಕ್ಷಗುಂಡಂ ಆಂಧ್ರದ ಒಂದು ಗ್ರಾಮ. ಮದರಾಸಿನಲ್ಲಿ 1852ರಲ್ಲಿ ನೇಟಿವ್ ಅಸೋಸಿಯೇಷನ್ ಸ್ಥಾಪಿಸಿ ಪ್ರಜೆಗಳ ಅಹವಾಲುಗಳನ್ನು ಲಂಡನ್ನಿನ ಪಾರ್ಲಿಮೆಂಟಿಗೆ ಮುಟ್ಟಿಸಿದ ಲಕ್ಷ್ಮೀನರಸು ಚೆಟ್ಟಿಯವರ ಮನೆತನದ ಹೆಸರು ಗಾಜುಲ. ತೆಲುಗಿನಲ್ಲಿ ಗಾಜು ಎಂದರೆ ಗಾಜೂ ಹೌದು, ಬಳೆಯೂ ಹೌದು. ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಕಾರ್ತಿಕ ಶುದ್ಧ ಬಿದಿಗೆಯಂದು ಕನಕದುರ್ಗೆಗೆ ಬಳೆಗಳ ಅಲಂಕಾರವಾಗುವುದನ್ನು ಕಂಡವರಿಗೆ ಆ ಮಾತಿನ ಎರಡು ಅರ್ಥಗಳೂ ಏಕಕಾಲದಲ್ಲಿ ಹೊಳೆಯುತ್ತವೆ.

ಹೆಸರು ಮತ್ತು ಗಾಜು, ಇವೆರಡೂ ಸೇರಿ ಒಬ್ಬ ಮನುಷ್ಯನ ಜೀವನವನ್ನು ರೂಪಿಸಿದ ಕಥೆಯೊಂದಿದೆ. ಅದೂ ನಮ್ಮ ದೇಶದಲ್ಲಿಯೇ ಆರಂಭವಾಗುತ್ತದೆ.

ಒಂದು ಹೆಸರು, ಹಲವರು

ಪಿಲ್ಕಿಂಗ್ಟನ್ ಎಂಬುದು ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿದ್ದ ಒಂದು ಸ್ಥಳದ ಹೆಸರು. ಮೋಕ್ಷಗುಂಡದಂತೆಯೇ ಅದು ಆ ಊರಿನಿಂದ ಹೊರಟವರ ಮನೆತನದ ಹೆಸರಾಗಿ ದೇಶದಲ್ಲೆಲ್ಲ ಹಬ್ಬಿತು. ಆ ಹೆಸರನ್ನು ಹೊತ್ತವರು ಬಗೆಬಗೆಯವರು. ಹದಿನಾರನೆಯ ಶತಮಾನದಲ್ಲಿ ಡರ್ಹಮ್ಮಿನ ಬಿಷಪ್ಪರಾದ ಜೇಮ್ಸ್ ಪಿಲ್ಕಿಂಗ್ಟನ್ ಒಬ್ಬರು. ಹದಿನೆಂಟನೆಯ ಶತಮಾನದಲ್ಲಿ ತನ್ನ ಜೀವನಸ್ಮೃತಿಗಳಿಂದ ಡಬ್ಲಿನ್ ನಗರವನ್ನು ತಲ್ಲಣಗೊಳಿಸಿದ ಕವಯಿತ್ರಿ ಲೆಟಿಷಿಯಾ ಪಿಲ್ಕಿಂಗ್ಟನ್ ಇನ್ನೊಬ್ಬರು. 1770ರಲ್ಲಿ ಚಿತ್ರಕಾರರ ನಿಘಂಟನ್ನು ಪ್ರಕಟಿಸಿದ ಮ್ಯಾಥ್ಯೂ ಪಿಲ್ಕಿಂಗ್ಟನ್ ಮತ್ತೊಬ್ಬರು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಡಿದಾದ ಶಿಖರವೊಂದನ್ನು 1880ರಲ್ಲಿ ಮೊದಲು ಏರಿದವರು ಚಾರ್ಲ್ಸ್ ಮತ್ತು ಲಾರೆನ್ಸ್ ಪಿಲ್ಕಿಂಗ್ಟನ್ ಸೋದರರು. ಜಾರ್ಜ್ ಆರ್ವೆಲ್ಲರು 1945ರ ತಮ್ಮ ಪ್ರಾಣಿಗಳ ಕಥೆಯಲ್ಲಿ ನೆರೆಯ ಜಮೀನುದಾರನೊಬ್ಬನಿಗೆ ಇದೇ ಹೆಸರನ್ನಿಟ್ಟರು. ನಮ್ಮ ಕಾಲದಲ್ಲಿ ಟೆಲಿವಿಷನ್ನಿನ ಹಾಸ್ಯಗಾರರೊಬ್ಬರಿಗೂ ಇದೇ ಹೆಸರಿದೆ. ಇವರೆಲ್ಲರನ್ನೂ ಒಂದೇ ವಂಶವೃಕ್ಷಕ್ಕೆ ಕಟ್ಟಲು ಹೊರಡುವುದು ಭಾರತದ ರಾವ್‌ಗಳೆಲ್ಲರನ್ನೂ ದಾಯಾದಿಗಳೆಂದಂತೆ.

ಆದರೆ ಲೋಕದಲ್ಲಿ ಈ ಹೆಸರು ಹೆಚ್ಚಾಗಿ ಪರಿಚಿತವಾದುದು ಗಾಜಿನಿಂದ. ಲ್ಯಾಂಕಷೈರಿನ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ 1826ರಲ್ಲಿ ಸ್ಥಾಪಿತವಾದ ಗಾಜಿನ ಕಂಪೆನಿಯೊಂದು ಕ್ರಮೇಣ ಪಿಲ್ಕಿಂಗ್ಟನ್ ಮನೆತನದ ವಶಕ್ಕೆ ಬಂದು, 1849ರಲ್ಲಿ ಪಿಲ್ಕಿಂಗ್ಟನ್ ಬ್ರದರ್ಸ್ ಎಂಬ ಹೆಸರನ್ನು ಧರಿಸಿತು. ಕಲ್ಲಿದ್ದಲು ಹತ್ತಿರ, ಮರಳು ಹತ್ತಿರ, ಸಾಗಣೆಗೆ ಕಾಲುವೆ ಹತ್ತಿರ. ಇಂತಹ ಅನುಕೂಲದಲ್ಲಿ ಬೆಳೆದ ಆ ಸಂಸ್ಥೆಯು ಒಂದು ಶತಮಾನದಲ್ಲಿ ಬ್ರಿಟನ್ನಿನ ಚಪ್ಪಟೆ ಗಾಜಿನ ಉದ್ಯಮದ ಅಗ್ರಸ್ಥಾನಕ್ಕೇರಿತು. ಇಷ್ಟಾದರೂ ಅದು ಮನೆಯ ಸ್ವತ್ತಾಗಿಯೇ ಉಳಿಯಿತು. ಆಡಳಿತ ಮಂಡಳಿಯ ಮೇಜಿನ ಸುತ್ತ ಕುಳಿತವರು ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ಅಳಿಯಂದಿರು. ಹೊರಗಿನವನು ಎಷ್ಟೇ ಬುದ್ಧಿವಂತನಾಗಿರಲಿ, ಆ ಕೋಣೆಯನ್ನು ಪ್ರವೇಶಿಸುವುದು ಬಹು ಕಷ್ಟವಾಗಿತ್ತು.

ಕಲ್ಕತ್ತೆಯ ಕೂಸು

ನಮ್ಮ ಕಥಾನಾಯಕರು ಆ ಮನೆಯವರಲ್ಲ. ಲಯನೆಲ್ ಅಲೆಕ್ಸಾಂಡರ್ ಬೆಥೂನ್ ಪಿಲ್ಕಿಂಗ್ಟನ್ ಎಂಬುದು ಅವರ ಪೂರ್ಣ ನಾಮಧೇಯ. ಆಲಸ್ಟೇರ್ ಎಂಬುದು ಬಳಕೆಯ ಹೆಸರು. 1920ನೆಯ ಇಸವಿ ಜನವರಿ 7ರಂದು ಅವರು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಕರ್ನಲ್ ಲಯನೆಲ್ ಪಿಲ್ಕಿಂಗ್ಟನ್. ಮಗುವು ಇಂಗ್ಲೆಂಡಿನಲ್ಲಿ ಬೆಳೆದು, ಶೆರ್ಬೋರ್ನ್ ಶಾಲೆಯಲ್ಲಿ ಓದಿ, ಯಂತ್ರಶಿಲ್ಪಶಾಸ್ತ್ರವನ್ನು ಅಭ್ಯಸಿಸಲು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿತು.

ವಿದ್ಯಾಭ್ಯಾಸವು ಪೂರ್ಣವಾಗುವುದಕ್ಕೆ ಮೊದಲೇ ಎರಡನೆಯ ಮಹಾಯುದ್ಧವು ಸಿಡಿಯಿತು. ಪುಸ್ತಕವನ್ನು ಮುಚ್ಚಿಟ್ಟು ಆ ತರುಣರು ಫಿರಂಗಿ ದಳವನ್ನು ಸೇರಿದರು. ಮೆಡಿಟರೇನಿಯನ್ ಸಮುದ್ರದ ಕಡೆ ಯುದ್ಧಕ್ಕೆ ಹೋಗಿ, 1941ರಲ್ಲಿ ಕ್ರೀಟ್ ದ್ವೀಪವು ಜರ್ಮನರ ವಶವಾದಾಗ ಸೆರೆಸಿಕ್ಕರು. ಇಪ್ಪತ್ತೊಂದನೆಯ ವಯಸ್ಸಿನಿಂದ ಇಪ್ಪತ್ತೈದನೆಯ ವಯಸ್ಸಿನವರೆಗಿನ ನಾಲ್ಕು ವರ್ಷಗಳು, ಇತರರು ಜೀವನಕ್ಕೆ ತಳಹದಿ ಹಾಕುವ ವರ್ಷಗಳು, ಅವರಿಗೆ ಬಂದಿಖಾನೆಯಲ್ಲಿ ಕಳೆದವು. ಬಿಡುಗಡೆಯಾಗಿ ಬಂದವರು ಮದುವೆಯಾದರು. ಮತ್ತೆ ಕೇಂಬ್ರಿಜ್ಜಿಗೆ ಹೋಗಿ, ತಮಗಿಂತ ಕಿರಿಯರ ಪಕ್ಕದಲ್ಲಿ ಕುಳಿತು ಪದವಿಯನ್ನು ಪೂರೈಸಿದರು.

ಈ ಸಮಯದಲ್ಲಿ ತಂದೆ ಕರ್ನಲರಿಗೆ ಒಂದು ಹವ್ಯಾಸವಿತ್ತು. ತಮ್ಮ ವಂಶವೃಕ್ಷವನ್ನು ಶೋಧಿಸುವ ಹವ್ಯಾಸ. ಅದರ ಸಲುವಾಗಿ ಅವರು ಗಾಜಿನ ಮನೆತನಕ್ಕೆ ಸೇರಿದ ಸರ್ ರಿಚರ್ಡ್ ಪಿಲ್ಕಿಂಗ್ಟನ್ನರ ಸಂಪರ್ಕ ಬೆಳೆಸಿದರು. ತಲೆತಲಾಂತರಗಳನ್ನು ಹಿಂದಕ್ಕೆ ಹುಡುಕಿದರೂ ಎರಡು ಮನೆತನಗಳಿಗೆ ಯಾವ ಸಂಬಂಧವೂ ದೊರೆಯಲಿಲ್ಲ. ಆದರೆ ಮಾತಿನ ನಡುವೆ, ಕರ್ನಲರಿಗೆ ಯಂತ್ರಶಿಲ್ಪವನ್ನು ಓದುತ್ತಿರುವ ಮಗನೊಬ್ಬನಿದ್ದಾನೆಂಬ ಸಂಗತಿ ಹೊರಬಿತ್ತು. ಕಂಪೆನಿಗಾದರೋ ಯುದ್ಧಾನಂತರದ ದಿನಗಳಲ್ಲಿ ಸಮರ್ಥ ತರುಣರು ಬೇಕಾಗಿದ್ದರು.

ಮಂಡಳಿಯವರಿಗೆ ಇದೊಂದು ವಿಚಿತ್ರ ಸಮಸ್ಯೆಯಾಯಿತು. ಪಿಲ್ಕಿಂಗ್ಟನ್ ಎಂಬ ಹೆಸರಿನವನು ಕಾರ್ಖಾನೆಯಲ್ಲಿ ಸಾಮಾನ್ಯ ನೌಕರನಾಗಿರುವುದು ಹೇಗೆ? ಕೊನೆಗೆ, ಸಂಬಂಧವು ಎಷ್ಟು ದೂರದ್ದಾದರೂ ಆಗಲಿ, ಆ ಹೆಸರುಳ್ಳವನನ್ನು ಮುಂದೆ ನಿರ್ದೇಶಕನಾಗಬಹುದಾದ ಮನೆಯ ಹುಡುಗನೆಂದೇ ಸೇರಿಸಿಕೊಳ್ಳತಕ್ಕದ್ದೆಂದು ತೀರ್ಮಾನವಾಯಿತು. ಹೀಗೆ 1947ರಲ್ಲಿ, ರಕ್ತಸಂಬಂಧದ ಒಂದು ತೊಟ್ಟೂ ಇಲ್ಲದ ಆಲಸ್ಟೇರ್, ಮನೆಯವರೆಂಬ ಎಣಿಕೆಯಲ್ಲಿ ಸೇಂಟ್ ಹೆಲೆನ್ಸಿಗೆ ಕಾಲಿಟ್ಟರು.

ಇದು ಅದೃಷ್ಟವೆಂಬುದರಲ್ಲಿ ಸಂದೇಹವಿಲ್ಲ. ಬೇರೊಂದು ಹೆಸರಿನ ತರುಣನಿಗೆ, ಅಷ್ಟೇ ಬುದ್ಧಿಯಿದ್ದರೂ, ಈ ಬಾಗಿಲು ಹೀಗೆ ತೆರೆಯುತ್ತಿರಲಿಲ್ಲ. ಆದರೆ ಅದೃಷ್ಟದಿಂದ ಬಂದ ಸ್ಥಾನದಲ್ಲಿ ಒಂದು ಮುಳ್ಳೂ ಉಂಟು. ಹೆಸರಿನಿಂದ ಬಂದವನನ್ನು ಎಲ್ಲರೂ ತೂಕಮಾಡಿ ನೋಡುತ್ತಾರೆ. ಅವನು ಸೋತರೆ, ಯೋಗ್ಯತೆಯಿಲ್ಲದೆ ಒಳಬಂದವನೆಂಬ ಅಪವಾದ ಜೀವನಪರ್ಯಂತ ತಪ್ಪದು.

ಗಾಜಿನ ಕಷ್ಟ

ಆ ಕಾಲದಲ್ಲಿ ಚಪ್ಪಟೆ ಗಾಜನ್ನು ತಯಾರಿಸಲು ಎರಡು ಮಾರ್ಗಗಳಿದ್ದವು. ಕರಗಿದ ಗಾಜನ್ನು ಮೇಲಕ್ಕೆ ಹಾಳೆಯಂತೆ ಎಳೆಯುವುದು ಒಂದು. ಅದು ಅಗ್ಗ, ಆದರೆ ಅದರ ಮೂಲಕ ನೋಡಿದರೆ ಬೀದಿಯ ಕಂಬವು ಅಂಕುಡೊಂಕಾಗಿ ಕಾಣುವುದು. ಹಳೆಯ ಮನೆಗಳ ಕಿಟಕಿಗಳಲ್ಲಿ ನಮ್ಮ ವಾಚಕರು ಇದನ್ನು ಕಂಡಿರಬಹುದು. ಎರಡನೆಯದು, ಗಾಜನ್ನು ಉರುಳೆಗಳ ನಡುವೆ ದಪ್ಪ ಹಲಗೆಯಾಗಿ ಮಾಡಿ, ಎರಡು ಮೈಗಳನ್ನೂ ಅರೆದು, ಮೆರುಗು ಕೊಡುವುದು. ಕನ್ನಡಿಗೂ ಮೋಟಾರು ಗಾಡಿಗೂ ದೊಡ್ಡ ಅಂಗಡಿಗಳ ಮುಂಭಾಗಕ್ಕೂ ಅದೇ ಬೇಕಾಗಿತ್ತು. ಅದರ ಯಂತ್ರಗಳ ಸಾಲು ಫರ್ಲಾಂಗುಗಟ್ಟಲೆ ಉದ್ದ; ವಿದ್ಯುತ್ತಿನ ಖರ್ಚು ವಿಪರೀತ; ಗಾಜಿನಲ್ಲಿ ಸುಮಾರು ಐದನೆಯ ಒಂದು ಪಾಲು ಅರೆದ ಪುಡಿಯಾಗಿ ವ್ಯರ್ಥವಾಗುತ್ತಿತ್ತು.

ಉರುಳೆಯು ಮುಟ್ಟಿದುದರಿಂದಲೇ ಗಾಜಿನ ಮೈ ಕೆಡುವುದು, ಕೆಟ್ಟುದರಿಂದಲೇ ಅರೆಯಬೇಕಾದುದು. ಹಾಗಾದರೆ ಘನವಸ್ತು ಯಾವುದೂ ಮುಟ್ಟದಂತೆ ಗಾಜನ್ನು ಹರಡುವುದಾದರೂ ಹೇಗೆ? ಡಾಂಕಾಸ್ಟರಿನ ಕಾರ್ಖಾನೆಯಲ್ಲಿ ಉತ್ಪಾದನೆಯ ವ್ಯವಸ್ಥಾಪಕರಾಗಿ ಅನುಭವ ಪಡೆದಿದ್ದ ಆಲಸ್ಟೇರರಿಗೆ 1952ರಲ್ಲಿ ಉತ್ತರವೊಂದು ಹೊಳೆಯಿತು. ಅವರು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನೀರಿನ ಮೇಲೆ ಹರಡಿದ ಜಿಡ್ಡನ್ನು ಕಂಡು ಈ ಕಲ್ಪನೆ ಬಂದಿತೆಂಬ ಕಥೆಯು ಲೋಕಪ್ರಿಯವಾಗಿದೆ. ವಾಸ್ತವವು ಕಥೆಯಷ್ಟು ಸರಳವಾಗಿರಲಿಲ್ಲ. ಅದಕ್ಕೆ ಹಿಂದೆ ವರ್ಷಗಳ ಚಿಂತನೆಯಿತ್ತು.

ಕಲ್ಪನೆಯ ಸಾರ ಹೀಗಿದೆ. ತವರವೆಂಬ ಲೋಹವು 232 ಸೆಂಟಿಗ್ರೇಡ್ ಉಷ್ಣತೆಯಲ್ಲಿಯೇ ಕರಗುತ್ತದೆ. ಕುದಿಯಬೇಕಾದರೆ ಎರಡು ಸಾವಿರ ಡಿಗ್ರಿಗಳಿಗೂ ಮೀರಿದ ಶಾಖ ಬೇಕು. ಅದು ಗಾಜಿಗಿಂತ ಬಹಳ ಭಾರ. ಆದ್ದರಿಂದ ಕರಗಿದ ತವರದ ಕೊಳವೊಂದನ್ನು ನಿರ್ಮಿಸಿ, ಸಾವಿರ ಡಿಗ್ರಿಗೂ ಮೇಲ್ಪಟ್ಟು ಕಾದ ಗಾಜನ್ನು ಅದರ ಮೇಲೆ ಹರಿಯಬಿಟ್ಟರೆ, ಗಾಜು ನೀರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ. ಕೆಳಗಿನ ಮೈ ಲೋಹದ ಸಮತಲದಿಂದ, ಮೇಲಿನ ಮೈ ಬೆಂಕಿಯ ಶಾಖದಿಂದ, ತಮಗೆ ತಾವೇ ನುಣುಪಾಗುತ್ತವೆ. ತೇಲುತ್ತ ತೇಲುತ್ತ ತಣಿದು, ಸುಮಾರು ಆರುನೂರು ಡಿಗ್ರಿಗೆ ಇಳಿದಾಗ ಅದನ್ನು ಉರುಳೆಗಳ ಮೇಲೆ ಎತ್ತಿಕೊಂಡರೂ ಮೈ ಕೆಡದು. ತವರಕ್ಕೆ ಗಾಳಿ ತಗಲಿ ಕಲ್ಮಶವಾಗದಂತೆ ಕೊಳದ ಮೇಲೆ ಸಾರಜನಕವನ್ನೂ ಸ್ವಲ್ಪ ಜಲಜನಕವನ್ನೂ ತುಂಬಿಸಬೇಕು. ಅರೆಯುವ ಯಂತ್ರವೂ ಬೇಡ, ಮೆರುಗು ಕೊಡುವ ಯಂತ್ರವೂ ಬೇಡ.

ಲೋಹದ ಮೇಲೆ ಗಾಜನ್ನು ಹರಡುವ ಯೋಚನೆ ಆಲಸ್ಟೇರರಿಗಿಂತ ಮೊದಲೇ ಇತ್ತೆಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಮೆರಿಕದಲ್ಲಿ ಇಂತಹ ಪೇಟೆಂಟುಗಳು ನೋಂದಣಿಯಾಗಿದ್ದವು. ಆದರೆ ಅವು ಕಾಗದದ ಮೇಲೆಯೇ ಉಳಿದವು. ಯೋಚನೆಗೂ ಗಾಜಿಗೂ ನಡುವೆ ಏಳು ವರ್ಷಗಳ ಬೆಂಕಿಯನ್ನು ದಾಟಿದವರು ಆಲಸ್ಟೇರ್ ಮತ್ತು ಅವರ ಸಹೋದ್ಯೋಗಿಗಳು.

ಹದಿನಾಲ್ಕು ತಿಂಗಳ ಅಗ್ನಿಪರೀಕ್ಷೆ

ಚಿಕ್ಕ ಪ್ರಯೋಗ ಯಂತ್ರಗಳು ಆಸೆ ಹುಟ್ಟಿಸಿದವು. ಅಂದಿನ ಅಧ್ಯಕ್ಷರಾದ ಸರ್ ಹ್ಯಾರಿ ಪಿಲ್ಕಿಂಗ್ಟನ್ನರೂ ಮಂಡಳಿಯವರೂ ಧೈರ್ಯಮಾಡಿ, ಉತ್ಪಾದನೆಯ ಪ್ರಮಾಣದ ಪೂರ್ಣ ಯಂತ್ರವೊಂದಕ್ಕೆ ಸಮ್ಮತಿಯಿತ್ತರು. 1957ರಲ್ಲಿ ಸೇಂಟ್ ಹೆಲೆನ್ಸಿನ ಕೌಲಿ ಹಿಲ್ ಕಾರ್ಖಾನೆಯಲ್ಲಿ ಅದು ಚಾಲನೆಗೆ ಬಂದಿತು. ಅಲ್ಲಿಂದ ಆರಂಭವಾಯಿತು ನಿಜವಾದ ಪರೀಕ್ಷೆ.

ಗಾಜಿನ ಕುಲುಮೆಯು ಅಡಿಗೆಯ ಒಲೆಯಂತಲ್ಲ; ಒಮ್ಮೆ ಹೊತ್ತಿಸಿದರೆ ಹಗಲಿರುಳೂ ಉರಿಯಬೇಕು. ಪ್ರತಿ ತಿಂಗಳೂ ಸುಮಾರು ಒಂದು ಲಕ್ಷ ಪೌಂಡುಗಳು ಖರ್ಚಾಗುತ್ತಿದ್ದವು. ಕೊಳದಿಂದ ಹೊರಬಂದ ಗಾಜಿನ ತುಂಬ ಗುಳ್ಳೆಗಳು, ಕಲೆಗಳು. ಬಂದುದನ್ನೆಲ್ಲ ಒಡೆದು ರಾಶಿ ಹಾಕಬೇಕು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಹದಿನಾಲ್ಕು ತಿಂಗಳು ಹೀಗೆಯೇ ನಡೆಯಿತು. ಹತ್ತಾರು ಸಾವಿರ ಟನ್ನುಗಳ ಗಾಜು ಚೂರಾಯಿತು. ಪ್ರತಿ ತಿಂಗಳೂ ಆಲಸ್ಟೇರ್ ಮಂಡಳಿಯ ಮುಂದೆ ನಿಂತು ಇನ್ನೊಂದು ತಿಂಗಳಿನ ಹಣವನ್ನು ಕೇಳಬೇಕಾಗಿತ್ತು. ಅವರೆದುರು ಕುಳಿತವರು ಮನೆಯವರು. ಖರ್ಚಾಗುತ್ತಿದ್ದುದು ಅವರ ಅಜ್ಜಂದಿರು ಗಳಿಸಿದ ಹಣ. ಕೇಳುತ್ತಿದ್ದವರು ಹೆಸರಿನಿಂದ ಮಾತ್ರ ಮನೆಯವರಾದವರು. ಮಂಡಳಿಯು ಪ್ರತಿ ಬಾರಿಯೂ ಹಣವನ್ನು ಕೊಟ್ಟಿತು. ಆ ತಾಳ್ಮೆಯನ್ನೂ ಇತಿಹಾಸವು ಮರೆಯಬಾರದು.

1958ರಲ್ಲಿ ಕೊನೆಗೂ ಶುದ್ಧವಾದ ಗಾಜು ಹೊರಬಂದಿತು. ಹರ್ಷಗೊಂಡು, ಸವೆದುಹೋಗಿದ್ದ ಯಂತ್ರವನ್ನು ನಿಲ್ಲಿಸಿ, ಹಾಳಾಗಿದ್ದ ಭಾಗಗಳನ್ನು ಹೊಸದಾಗಿ ಕಟ್ಟಿ ಮತ್ತೆ ಹೊತ್ತಿಸಿದರೆ, ಗುಳ್ಳೆಗಳು ಪುನಃ ಪ್ರತ್ಯಕ್ಷವಾದವು! ಪರೀಕ್ಷಿಸಿದಾಗ ತಿಳಿದ ಸಂಗತಿ ಆಶ್ಚರ್ಯಕರವಾಗಿತ್ತು. ಹಿಂದೆ ಗಾಜನ್ನು ಸುರಿಯುವ ಮೂತಿಯ ಬಳಿಯ ಭಾಗವೊಂದು ಮುರಿದಿತ್ತು. ಇಟ್ಟಿಗೆಯನ್ನು ಮುಟ್ಟಿ ಕೆಟ್ಟ ಗಾಜು ಆ ಮುರುಕಿನ ದೆಸೆಯಿಂದಲೇ ಅಂಚುಗಳಿಗೆ ಸರಿದುಹೋಗಿ, ನಡುವಿನ ಗಾಜು ಶುದ್ಧವಾಗಿ ಉಳಿದಿತ್ತು. ದುರಸ್ತಿ ಮಾಡಿದುದೇ ದೋಷವಾಯಿತು! ಮುರುಕಿನ ಗುಟ್ಟನ್ನು ಅರಿತು, ಬೇಕೆಂದೇ ಹಾಗೆ ಹರಿಯುವಂತೆ ಮಾಡಿದಾಗ ಯಂತ್ರವು ಸರಿಯಾಯಿತು.

ಮತ್ತೊಂದು ಅದೃಷ್ಟವೂ ಒದಗಿತು. ತವರದ ಮೇಲೆ ತಾನಾಗಿ ಹರಡಿದ ಗಾಜು ಸುಮಾರು ಕಾಲು ಅಂಗುಲ ದಪ್ಪಕ್ಕೆ ನಿಲ್ಲುತ್ತದೆ. ಪ್ರಕೃತಿನಿಯಮದಿಂದ ಬಂದ ಆ ದಪ್ಪವೇ ಅಂದಿನ ಮಾರುಕಟ್ಟೆಯಲ್ಲಿ ಬಹುವಾಗಿ ಬೇಕಾಗಿದ್ದ ದಪ್ಪವಾಗಿತ್ತು. ತೆಳುವಾಗಿ ಎಳೆಯುವ ವಿದ್ಯೆಯನ್ನು ಮುಂದೆ ನಿಧಾನವಾಗಿ ಸಾಧಿಸಲಾಯಿತು.

1959ನೆಯ ಜನವರಿಯಲ್ಲಿ ಕಂಪೆನಿಯು ತನ್ನ ಗುಟ್ಟನ್ನು ಲೋಕಕ್ಕೆ ಪ್ರಕಟಿಸಿತು. ಲಾಭ ಕಾಣುವಷ್ಟರಲ್ಲಿ ಸುಮಾರು 70 ಲಕ್ಷ ಪೌಂಡುಗಳು ಖರ್ಚಾಗಿದ್ದವು. 1962ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕಂಪೆನಿಯು ಮೊದಲ ಪರವಾನಗಿಯನ್ನು ಪಡೆಯಿತು. ಅದರ ಹಿಂದೆ ಪ್ರಪಂಚದ ದೊಡ್ಡ ಗಾಜಿನ ಉದ್ಯಮಿಗಳೆಲ್ಲರೂ ಸಾಲುಗಟ್ಟಿದರು. ಅರೆದು ಮೆರುಗು ಕೊಡುವ ಪದ್ಧತಿಯು ಕೆಲವೇ ವರ್ಷಗಳಲ್ಲಿ ಚರಿತ್ರೆಯ ವಿಷಯವಾಯಿತು.

ಗೆದ್ದವನ ಹೊಣೆ

ಗೌರವಗಳು ಒಂದರ ಮೇಲೊಂದು ಬಂದವು. 1969ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1970ರಲ್ಲಿ ಸರ್ ಪದವಿ. 1973ರಲ್ಲಿ ಅವರು ಕಂಪೆನಿಯ ಅಧ್ಯಕ್ಷರೇ ಆದರು. 1980ರವರೆಗೆ ಆ ಸ್ಥಾನವನ್ನು ನಿರ್ವಹಿಸಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ನೆಂಟನಲ್ಲದ ನೆಂಟನು ಮನೆಯ ಯಜಮಾನನಾದನು!

ಆದರೆ ಪ್ರತಿಯೊಂದು ದೊಡ್ಡ ಶೋಧನೆಗೂ ಒಂದು ನೆರಳುಂಟು. ಯಾವ ಯಂತ್ರಗಳನ್ನು ಅದು ಅನಾವಶ್ಯಕಗೊಳಿಸಿತೋ ಆ ಯಂತ್ರಗಳ ಬಳಿ ದುಡಿಯುತ್ತಿದ್ದ ಜನರ ಗತಿಯೇನು? ಸೇಂಟ್ ಹೆಲೆನ್ಸ್ ಒಂದೇ ಉದ್ಯಮವನ್ನು ಬಹುವಾಗಿ ಆಶ್ರಯಿಸಿದ್ದ ಪಟ್ಟಣ. 1970ರಲ್ಲಿ ಅಲ್ಲಿಯ ಕಾರ್ಮಿಕರು ಸುಮಾರು ಏಳು ವಾರಗಳ ಮುಷ್ಕರ ಹೂಡಿ, ಮನೆಯ ಯಜಮಾನಿಕೆಯ ಹಳೆಯ ವಿಶ್ವಾಸವು ಸಡಿಲಿದುದನ್ನು ತೋರಿಸಿಕೊಟ್ಟರು. ಆ ದಶಕದಲ್ಲಿ ಉದ್ಯೋಗಗಳು ಕ್ಷೀಣಿಸುತ್ತ ಬಂದವು.

ಆಲಸ್ಟೇರ್ ಇದನ್ನು ಕಂಡೂ ಕಾಣದವರಂತೆ ಇರಲಿಲ್ಲ. 1978ರಲ್ಲಿ ಸೇಂಟ್ ಹೆಲೆನ್ಸಿನಲ್ಲಿ ಒಂದು ಟ್ರಸ್ಟು ಸ್ಥಾಪಿತವಾಗಲು ಕಾರಣರಾದರು. ಸಣ್ಣ ಉದ್ಯಮವನ್ನು ತಾವೇ ಆರಂಭಿಸಬಯಸುವವರಿಗೆ ಸಲಹೆ, ಲೆಕ್ಕಪತ್ರದ ಸಹಾಯ, ಪರಿಚಯಗಳನ್ನು ಒದಗಿಸುವುದು ಅದರ ಉದ್ದೇಶ. ಆ ಮಾದರಿಯು ಬ್ರಿಟನ್ನಿನ ಇತರ ಪಟ್ಟಣಗಳಿಗೂ ಹಬ್ಬಿತು. ವ್ಯಾಪಾರ ಸಂಸ್ಥೆಗಳು ತಾವಿರುವ ಊರಿನ ಹಿತಕ್ಕೆ ಬದ್ಧವಾಗಬೇಕೆಂಬ ಧ್ಯೇಯದಿಂದ ಎಂಬತ್ತರ ದಶಕದ ಆರಂಭದಲ್ಲಿ ಬಿಸಿನೆಸ್ ಇನ್ ದಿ ಕಮ್ಯುನಿಟಿ ಎಂಬ ಸಂಘವು ಹುಟ್ಟಿದಾಗ ಅದರ ಪ್ರಥಮ ಅಧ್ಯಕ್ಷರೂ ಅವರೇ. ಕಳೆದುಹೋದ ಉದ್ಯೋಗಗಳೆಲ್ಲವೂ ಇದರಿಂದ ಹಿಂದಿರುಗಲಿಲ್ಲ. ಆದರೂ ತನ್ನ ಗೆಲುವಿನ ಬೆಲೆಯನ್ನು ಬೇರೆಯವರು ತೆರುತ್ತಿರುವರೆಂಬುದನ್ನು ಅರಿತು ಅದಕ್ಕೆ ಕೈಲಾದುದನ್ನು ಮಾಡಿದವರ ಸಂಖ್ಯೆ ಉದ್ಯಮಪತಿಗಳಲ್ಲಿ ಹೆಚ್ಚಲ್ಲ.

1995ನೆಯ ಮೇ 5ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ ಆಲಸ್ಟೇರ್ ಪಿಲ್ಕಿಂಗ್ಟನ್ ನಿಧನ ಹೊಂದಿದರು. 2006ರಲ್ಲಿ ಕಂಪೆನಿಯು ಜಪಾನಿನ ನಿಪ್ಪಾನ್ ಶೀಟ್ ಗ್ಲಾಸ್ ಸಂಸ್ಥೆಯ ವಶವಾಯಿತು. ಮನೆತನದ ಒಡೆತನ ಹೋಯಿತು. ಹೆಸರು ಮಾತ್ರ ಗಾಜಿನ ಮೇಲೆ ಉಳಿಯಿತು. ಆ ಹೆಸರು ನಮ್ಮ ದೇಶಕ್ಕೂ ಬಂದಿತ್ತು. ಬಂಗಾಳದ ಆಸನ್ಸೋಲಿನಲ್ಲಿ ಹಿಂದೂಸ್ಥಾನ್ ಪಿಲ್ಕಿಂಗ್ಟನ್ ಎಂಬ ಗಾಜಿನ ಕಾರ್ಖಾನೆ ನಡೆಯಿತು. ವಿಶಾಖಪಟ್ಟಣದಲ್ಲಿ ಮೋಟಾರು ವಾಹನಗಳ ಗಾಜಿಗಾಗಿ ಇದೇ ಹೆಸರಿನ ಕಾರ್ಖಾನೆಯೊಂದು ತಲೆಯೆತ್ತಿತು. ವಿಜಯವಾಡದಿಂದ ಮದರಾಸಿಗೆ ರೈಲಿನಲ್ಲಿ ಹೋಗುವವರು ದಾಟುವ ಗೂಡೂರಿನ ಸುತ್ತಣ ಬಿಳಿಯ ಮರಳು ಗಾಜಿನ ಕುಲುಮೆಗಳಿಗೆ ಹೋಗುವಂತಹುದು.

2014ನೆಯ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನು ಅಪ್ಪಳಿಸಿದಾಗ ನಗರದ ಕಿಟಕಿಗಳು ಚೂರುಚೂರಾದುದನ್ನು ಅಲ್ಲಿಯ ಕನ್ನಡಿಗರು ಮರೆತಿರಲಾರರು. ಗಾಜು ಇದ್ದಾಗ ಅದರ ಮೇಲೆ ನಮ್ಮ ದೃಷ್ಟಿ ನಿಲ್ಲುವುದಿಲ್ಲ. ಅದರ ಮೂಲಕ ಆಚೆಗೆ ಹೋಗುತ್ತದೆ. ಇಲ್ಲದಾದಾಗಲೇ ಅದರ ಬೆಲೆ. ಒಳ್ಳೆಯ ಕೆಲಸ ಮಾಡಿದವರ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ?

ಪರಊರಿಗೆ ಬಂದ ನಮ್ಮಲ್ಲಿ ಹೆಸರಿನ ಉಪಕಾರವನ್ನು ಪಡೆಯದವರು ವಿರಳ. ನಮ್ಮೂರಿನವನು, ನಮ್ಮ ಕಡೆಯವನು, ನಮ್ಮ ಭಾಷೆಯವನು ಎಂಬ ಒಂದು ಮಾತಿನಿಂದಲೇ ಎಷ್ಟೋ ತರುಣರಿಗೆ ವಿಜಯವಾಡದ ಹೋಟೆಲಿನಲ್ಲಿ ಮೊದಲ ಅನ್ನವೂ ವಿಶಾಖಪಟ್ಟಣದಲ್ಲಿ ಮೊದಲ ಕೆಲಸವೂ ದೊರೆತಿವೆ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹೆಸರು ಬಾಗಿಲನ್ನು ತೆರೆಯುತ್ತದೆ; ಒಳಗೆ ಹೋದ ಮೇಲೆ ಹದಿನಾಲ್ಕು ತಿಂಗಳು ಕುಲುಮೆಯ ಮುಂದೆ ನಿಲ್ಲುವವನು ಮನುಷ್ಯನೇ. ಗೆದ್ದ ಮೇಲೆ ಬಾಗಿಲಿನ ಹೊರಗೆ ಉಳಿದವರನ್ನು ನೆನೆಯುವವನೂ ಮನುಷ್ಯನೇ. ಕಲ್ಕತ್ತೆಯಲ್ಲಿ ಹುಟ್ಟಿದ ಆ ಪಿಲ್ಕಿಂಗ್ಟನ್, ತನಗೆ ಸಲ್ಲದ ಹೆಸರೊಂದನ್ನು ಸಾಲವಾಗಿ ಪಡೆದು, ಬಡ್ಡಿಸಹಿತ ತೀರಿಸಿ ಹೋದರು.